ಜರೀಗಿಡಗಳು ಮತ್ತು ಅವುಗಳ ನೆಲೆ

ಬೆಂಗಳೂರಿನ ಉತ್ತರಕ್ಕಿರುವ ಬಾಗಲಗುಂಟೆಯ ಹೆಸರಿನಲ್ಲಿಯೇ ನೀರಿದೆ. ಗುಂಟೆ, ಕುಂಟೆ ಎಂದರೆ ಈ ಸೀಮೆಯಲ್ಲಿ ಕೆರೆಗಿಂತ ಚಿಕ್ಕದಾದ ನೀರಿನ ಹೊಂಡ. ದಾಸರಹಳ್ಳಿಯಿಂದ ಹೆಸರಘಟ್ಟಕ್ಕೆ ಹೋಗುವ ದಾರಿಯಲ್ಲಿರುವ ಈ ಭಾಗವು 2007ರಲ್ಲಿ ಮಹಾನಗರದ ಆಡಳಿತಕ್ಕೆ ಸೇರಿತು. ಅದಕ್ಕೂ ಹಿಂದೆ ಇಲ್ಲಿ ಮತ್ತು ಸುತ್ತಲಿನ ಬಯಲು ಸೀಮೆಯಲ್ಲಿ ಬೇಸಾಯಕ್ಕೆ ಆಧಾರವಾಗಿದ್ದುದು ಕೆರೆ, ಕುಂಟೆ ಮತ್ತು ಕಲ್ಲು ಕಟ್ಟಡದ ತೆರೆದ ಬಾವಿಗಳು. ಕಪಿಲೆ ಹೂಡಿ ನೀರೆತ್ತಿದ ಹಿರಿಯ ರೈತರಿಗೆ ಆ ಬಾವಿಗಳ ಒಳಗೋಡೆಯಲ್ಲಿ, ಕಲ್ಲಿನ ಸಂದುಗಳಿಂದ ಜೋತು ಬೀಳುತ್ತಿದ್ದ ಹಸಿರು ಗರಿಗಳು ನೆನಪಿರಬಹುದು. ಯಾರೂ ನೆಡದೆ, ನೀರು ಹಾಕದೆ ಅವು ಬೆಳೆಯುತ್ತಿದ್ದವು. ಅವುಗಳಿಗೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಇವೇ ಜರೀಗಿಡಗಳು; ಪೇಟೆಯ ನರ್ಸರಿಗಳಲ್ಲಿ ಇವನ್ನು ಫರ್ನ್ ಎಂದು ಕರೆಯುತ್ತಾರೆ.

ಕೊಳವೆ ಬಾವಿಗಳು ಹೆಚ್ಚಿದಂತೆ ಅಂತರ್ಜಲ ಕೆಳಗಿಳಿದು ತೆರೆದ ಬಾವಿಗಳು ಬತ್ತಿದವು. ಬಾವಿ ಬತ್ತಿದ ಮೇಲೆ ಗೋಡೆಯ ಗರಿಗಳೂ ಕಾಣೆಯಾದವು. ಗೋಡೆಯ ಕಲ್ಲು ಅದೇ, ನೆರಳು ಅದೇ, ಮಳೆಯೂ ಹೆಚ್ಚು ಕಡಮೆ ಅದೇ. ಹೋದದ್ದು ಕೆಳಗಿನಿಂದ ಏಳುತ್ತಿದ್ದ ತೇವ ಮಾತ್ರ. ಅಷ್ಟೊಂದು ಸಣ್ಣ ಬದಲಾವಣೆಯನ್ನೂ ಈ ಗಿಡ ತಾಳಲಾರದು. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ಅದರ ಬಾಳಿನ ಕ್ರಮವನ್ನು ಮೊದಲು ತಿಳಿಯಬೇಕು. ಮಲೆನಾಡಿನ ಸೊಪ್ಪಿನ ಬೆಟ್ಟ, ಕಾನು, ಹಳ್ಳದ ದಂಡೆಗಳನ್ನು ಅನುಭವಿಸುತ್ತಿರುವ ರೈತರಿಗೂ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ.

ಒಂದು ಗಿಡ, ಎರಡು ಬಾಳು

ಬಲಿತ ಜರೀಗಿಡದ ಎಲೆಯನ್ನು ಮಗುಚಿ ನೋಡಿದರೆ ಬೆನ್ನಿನ ಮೇಲೆ ಕಂದು ಬಣ್ಣದ ಚುಕ್ಕೆಗಳೋ ಗೆರೆಗಳೋ ಸಾಲಾಗಿ ಕಾಣುತ್ತವೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರೂ ಉಂಟು. ಇದು ರೋಗವಲ್ಲ. ಆ ಚುಕ್ಕೆಗಳಲ್ಲಿ ಬೀಜಾಣುಗಳ ಚೀಲಗಳಿರುತ್ತವೆ. ಬಿಸಿಲಿಗೆ ಚೀಲ ಒಡೆದು ಹಿಟ್ಟಿನಂತಹ ಬೀಜಾಣುಗಳು ಗಾಳಿಗೆ ಹಾರುತ್ತವೆ. ಒಂದು ದೊಡ್ಡ ಗಿಡ ವರ್ಷವೊಂದಕ್ಕೆ ಲಕ್ಷಗಟ್ಟಲೆ ಬೀಜಾಣುಗಳನ್ನು ಬಿಡುತ್ತದೆ. ಅವು ಬಹಳ ಹಗುರವಾದ್ದರಿಂದ ಎಷ್ಟೋ ದೂರ ಹೋಗಿ ಬೀಳುತ್ತವೆ. ಹತ್ತಿರದಲ್ಲಿ ಕಾಡೇ ಇಲ್ಲದ ಬಯಲು ಸೀಮೆಯ ಬಾವಿಯೊಳಗೆ ಜರೀಗಿಡ ಹುಟ್ಟುವುದು ಹೀಗೆಯೇ.

ಆದರೆ ಬೀಜಾಣು ಬೀಜವಲ್ಲ. ಬೀಜದೊಳಗೆ ಮೊಳಕೆಗೆ ಬೇಕಾದ ಬುತ್ತಿ ಇರುತ್ತದೆ, ಬೀಜಾಣುವಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಮೆ. ತೇವವಿರುವ ಕಡೆ ಬಿದ್ದ ಬೀಜಾಣು ಮೊಳೆತು ಮೊದಲು ಗಿಡವಾಗುವುದಿಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ಹಸಿರು ಬಿಲ್ಲೆಯಾಗುತ್ತದೆ. ನೆಲಕ್ಕೆ ಅಂಟಿಕೊಂಡಿರುವ ಇದಕ್ಕೆ ನಿಜವಾದ ಬೇರಿಲ್ಲ, ನೀರನ್ನು ಸಾಗಿಸುವ ನಾಳಗಳಿಲ್ಲ. ಗಂಡು ಮತ್ತು ಹೆಣ್ಣು ಅಂಗಗಳು ಇರುವುದು ಇದರ ಅಡಿಯಲ್ಲಿ. ಗಂಡು ಕಣಗಳು ಹೆಣ್ಣು ಕಣವನ್ನು ಸೇರಬೇಕಾದರೆ ನೀರಿನಲ್ಲಿ ಈಜಿಯೇ ಹೋಗಬೇಕು. ಜೇನ್ನೊಣವಾಗಲಿ ಗಾಳಿಯಾಗಲಿ ಇಲ್ಲಿ ನೆರವಾಗಲಾರವು. ಇಬ್ಬನಿಯಷ್ಟಾದರೂ ನೀರಿನ ಪೊರೆ ಆ ಬಿಲ್ಲೆಯ ಕೆಳಗೆ ನಿಂತಿರಬೇಕು. ಹಾಗೆ ಕೂಡಿದ ಮೇಲೆಯೇ ಸುರುಳಿ ಸುತ್ತಿದ ಮೊದಲ ಗರಿ ಮೇಲೇಳುವುದು.

ಬೀಜಾಣು ಮೊಳೆತ ದಿನದಿಂದ ಎಳೆಯ ಗಿಡ ಬೇರೂರುವವರೆಗೆ ಹಲವು ತಿಂಗಳು ಬೇಕು. ಆ ಅವಧಿಯಲ್ಲಿ ಕೆಲವೇ ದಿನ ನೆಲ ಒಣಗಿದರೂ ಬಿಲ್ಲೆ ಸಾಯುತ್ತದೆ. ಬೆಳೆದ ಗಿಡವಾದರೋ ತನ್ನ ಬೇರುಕಾಂಡದ ಬಲದಿಂದ ಒಂದೆರಡು ಕೆಟ್ಟ ಬೇಸಿಗೆಗಳನ್ನು ತಳ್ಳಬಲ್ಲದು. ಆದ್ದರಿಂದ ಒಂದು ಕಾಡಿನಲ್ಲಿ ಅಥವಾ ತೋಟದಂಚಿನಲ್ಲಿ ದೊಡ್ಡ ಜರೀಗಿಡಗಳಿವೆ ಎಂದ ಮಾತ್ರಕ್ಕೆ ಅಲ್ಲಿಯ ತೇವ ಕ್ಷೇಮವಾಗಿದೆ ಎನ್ನಲಾಗದು. ಅವು ಹತ್ತು ವರ್ಷದ ಹಿಂದಿನ ತೇವಕ್ಕೆ ಹುಟ್ಟಿದವು ಆಗಿರಬಹುದು. ನೋಡಬೇಕಾದದ್ದು ಮರಿಗಳನ್ನು. ಹಳ್ಳದ ದಂಡೆಯ ಮಣ್ಣಿನಲ್ಲಿ, ಪಾಚಿಗಟ್ಟಿದ ಕಲ್ಲಿನ ಮೇಲೆ ಹಸಿರು ಬಿಲ್ಲೆಗಳೂ ಅರ್ಧ ಅಂಗುಲದ ಎಳೆಗರಿಗಳೂ ಇದ್ದರೆ ಆ ನೆಲದಲ್ಲಿ ಈ ವರ್ಷವೂ ತೇವ ಕಡಿಯದೆ ಉಳಿದಿತ್ತೆಂದು ತಿಳಿಯಬಹುದು. ದೊಡ್ಡವು ಮಾತ್ರ ಇದ್ದು ಮರಿಗಳೇ ಇಲ್ಲದಿದ್ದರೆ ಮೇಲಿನ ನೆರಳು ತೆಳ್ಳಗಾಗಿದೆ ಅಥವಾ ಒರತೆ ಸೊರಗಿದೆ. ಹಳ್ಳ ಬತ್ತುವ ಮೊದಲೇ ಸಿಗುವ ಸೂಚನೆ ಇದು. ವಿಸ್ತರಣಾ ಕಾರ್ಯಕರ್ತರು ಇದನ್ನು ಯಾವ ಉಪಕರಣವೂ ಇಲ್ಲದೆ, ಹಳ್ಳದ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಬಹುದು.

ಬಯಲು ಸೀಮೆಯ ನೆಲೆಗಳು

ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳ ಒಣ ಹವೆಯಲ್ಲಿ ಜರೀಗಿಡ ಎಲ್ಲಿದ್ದೀತು ಎಂದು ಕೇಳುವವರುಂಟು. ಇದೆ, ಆದರೆ ಹುಡುಕಬೇಕು. ಹಳೆಯ ಬಾವಿ, ಕಲ್ಯಾಣಿ, ಕೆರೆಯ ತೂಬು, ಮೋರಿಯ ಗೋಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಟೆರಿಸ್ ವಿಟ್ಟಾಟ. ನಡುದಂಟಿನ ಎರಡು ಕಡೆಗೂ ಉದ್ದನೆಯ ಪಟ್ಟಿಗಳಂತಹ ಎಲೆಗಳಿರುವ ಇದಕ್ಕೆ ಸುಣ್ಣದ ಗಾರೆಯೆಂದರೆ ಬಹಳ ಪ್ರೀತಿ. ಮಣ್ಣಿನಲ್ಲಿರುವ ಶಂಖಪಾಷಾಣವನ್ನು, ಅಂದರೆ ಆರ್ಸೆನಿಕ್ ವಿಷವನ್ನು, ಈ ಗಿಡ ಹೀರಿ ಎಲೆಗಳಲ್ಲಿ ಶೇಖರಿಸುತ್ತದೆ ಎಂಬುದನ್ನು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ವಿಷ ಸೇರಿದ ನೆಲವನ್ನು ಶುದ್ಧಿಗೊಳಿಸಲು ಇದನ್ನು ಬಳಸುವ ಪ್ರಯತ್ನಗಳು ಅಲ್ಲಿಂದೀಚೆಗೆ ನಡೆದಿವೆ. ಕಾರ್ಖಾನೆ, ಗಣಿಗಳ ಸಮೀಪದಲ್ಲಿ ಬೆಳೆದ ಇಂತಹ ಗಿಡವನ್ನು ದನಕ್ಕೆ ಹಾಕದಿರುವುದು ಮತ್ತು ಕಾಂಪೋಸ್ಟ್ ಗುಂಡಿಗೆ ಸೇರಿಸದಿರುವುದು ಲೇಸು.

ಬಾವಿಯೊಳಗೆ ಕಾಣುವ ಇನ್ನೊಂದು ಬಗೆ ಅಡಿಯಾಂಟಮ್. ಇದರ ದಂಟು ಕುದುರೆ ಕೂದಲಿನಂತೆ ಕಪ್ಪಗೆ, ನುಣುಪಾಗಿರುತ್ತದೆ. ಎಲೆಯ ಮೇಲೆ ನೀರು ಬಿದ್ದರೆ ಅಂಟದೆ ಹನಿಯಾಗಿ ಜಾರುತ್ತದೆ. ಇದರ ಒಂದು ಜಾತಿಯಲ್ಲಿ ಗರಿಯ ತುದಿ ನೆಲಕ್ಕೆ ತಾಗಿದ ಕಡೆ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಹೀಗೆ ಅದು ಕಲ್ಲಿನಿಂದ ಕಲ್ಲಿಗೆ ನಡೆದುಕೊಂಡು ಹೋಗುತ್ತದೆ ಎನ್ನಬಹುದು.

ಬಂಡೆಯ ಸಂದುಗಳಲ್ಲಿ ಬೇರೆಯೇ ಜಾತಿಗಳಿವೆ. ಬೀಸಣಿಗೆಯಂತೆ, ಗೇಣಿಗಿಂತ ಚಿಕ್ಕದಾದ ತಾಳೆಗಿಡದಂತೆ ತೋರುವ ಆಕ್ಟಿನಿಯಾಪ್ಟೆರಿಸನ್ನು ಆಯುರ್ವೇದದವರು ಮಯೂರಶಿಖಾ ಎಂದು ಕರೆಯುತ್ತಾರೆ. ಎಲೆಯ ಅಡಿಯಲ್ಲಿ ಬೆಳ್ಳಿಯ ಪುಡಿ ಬಳಿದಂತಿರುವ ಜಾತಿಯೊಂದೂ ಇದೆ; ಅದರ ಎಲೆಯನ್ನು ಕೈಯ ಮೇಲಿಟ್ಟು ತಟ್ಟಿದರೆ ಬಿಳಿಯ ಅಚ್ಚು ಮೂಡುತ್ತದೆ, ಮಕ್ಕಳಿಗೆ ಅದೊಂದು ಆಟ. ಇವು ಬೇಸಿಗೆಯಲ್ಲಿ ಮುದುಡಿ, ಸತ್ತಂತೆ ಒಣಗಿ, ಮುಂಗಾರಿನ ಮೊದಲ ಹದ ಮಳೆಗೆ ಒಂದೆರಡು ದಿನಗಳಲ್ಲಿ ಮತ್ತೆ ಹಸಿರಾಗುತ್ತವೆ. ಒಣ ಸೀಮೆಗೆ ಹೊಂದಿಕೊಂಡ ಜಾಣ ಗಿಡಗಳು ಇವು. ಆದರೆ ಇವುಗಳ ಮರಿಗಳಿಗೂ ಮಳೆಗಾಲದ ತೇವ ಕೆಲವು ವಾರ ಕಡಿಯದೆ ನಿಲ್ಲುವ ಸಂದು ಬೇಕೇ ಬೇಕು. ಜಲ್ಲಿಗಾಗಿ ಬಂಡೆ ಸೀಳಿದ ಕಡೆ ಅವು ಮರಳಿ ಬರುವುದು ಅಪರೂಪ.

ಬಯಲು ಸೀಮೆಯಲ್ಲಿಯೇ ಕಾಡಿನ ಜರೀಗಿಡಗಳನ್ನು ನೋಡಬೇಕೆಂದರೆ ಬೆಟ್ಟ ಹತ್ತಬೇಕು. ಬಾಗಲಗುಂಟೆಗೆ ಹತ್ತಿರವಾದದ್ದು ನಂದಿ. 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ ಮಂಜು ಕವಿದು, ಮರಗಳ ಎಲೆಗಳಿಂದ ಹನಿ ತೊಟ್ಟಿಕ್ಕುತ್ತಲೇ ಇರುವ ಒಂದು ತುಣುಕು ಹಸಿರು ಕಾಡಿದೆ. ಸುತ್ತಣ ಬಯಲಿನ ಕುರುಚಲಿಗೂ ಅದಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ಅಲ್ಲಿ ಮರದ ಬೊಡ್ಡೆಗಳ ಮೇಲೆ ಪಾಚಿ, ಪಾಚಿಯ ಮೇಲೆ ಜರೀಗಿಡ. ಹೆಸರಘಟ್ಟದ ಕೆರೆಗೆ ನೀರು ತರುವ ಅರ್ಕಾವತಿಯ ಮೂಲವೂ ಆ ನಂದಿಬೆಟ್ಟವೇ. ಬೆಂಗಳೂರಿಗೆ ನಲ್ಲಿ ನೀರು ಕೊಡಲು 1894ರಲ್ಲಿ ಹೆಸರಘಟ್ಟದ ಕೆರೆಯನ್ನು ಅಣಿಗೊಳಿಸಿದರು. ಬೆಟ್ಟದ ನೆತ್ತಿಯ ತೇವ, ಕೆಳಗಿನ ಕೆರೆಗಳು, ಬಾವಿಯ ಗೋಡೆಯ ಗರಿ ಇವೆಲ್ಲ ಒಂದೇ ನೀರಿನ ದಾರಿಯಲ್ಲಿ ಇದ್ದಂಥವು. ತುಮಕೂರಿನ ದೇವರಾಯನದುರ್ಗ, ಮಾಗಡಿಯ ಸಾವನದುರ್ಗಗಳ ತಂಪಾದ ಕಣಿವೆಗಳಲ್ಲಿಯೂ ಹುಡುಕುವವರಿಗೆ ಕೆಲವು ಜಾತಿಗಳು ಸಿಗುತ್ತವೆ.

ಮಲೆನಾಡಿನ ಕಾನು ಮತ್ತು ಹಳ್ಳ

ಜರೀಗಿಡದ ನಿಜವಾದ ತವರು ಮಲೆನಾಡು. ಬೆಂಗಳೂರಿನಲ್ಲಿ ವರ್ಷಕ್ಕೆ ಒಂದು ಸಾವಿರ ಮಿಲಿಮೀಟರಿನ ಆಸುಪಾಸು ಮಳೆಯಾದರೆ ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಎಂಬುವರು 1863-64ರಷ್ಟು ಹಿಂದೆಯೇ ದಕ್ಷಿಣ ಭಾರತದ ಜರೀಗಿಡಗಳ ಬಗ್ಗೆ ಚಿತ್ರಸಹಿತ ಗ್ರಂಥ ಹೊರತಂದರು. ಇಂದಿಗೂ ಪಶ್ಚಿಮ ಘಟ್ಟದ ಜರೀಗಿಡಗಳನ್ನು ಗುರುತಿಸುವವರು ಅವರ ಚಿತ್ರಗಳನ್ನು ತೆರೆದು ನೋಡುತ್ತಾರೆ.

ಕಾನಿನ ಒಳಗೆ ಹೋದಂತೆ ನೆಲೆಗಳು ಬದಲಾಗುವುದನ್ನು ಕಾಣಬಹುದು. ರಸ್ತೆಗಾಗಿ ಕಡಿದ ಧರೆಯ ಮೇಲೆ, ಬಿಸಿಲಿಗೆ ತೆರೆದ ಕೆಂಪು ಮಣ್ಣಿನಲ್ಲಿ, ಕವಲೊಡೆದ ದಂಟುಗಳ ಡೈಕ್ರಾನಾಪ್ಟೆರಿಸ್ ಹೊದರು ಹೊದರಾಗಿ ಹಬ್ಬಿರುತ್ತದೆ. ಇದು ಬಿಸಿಲಿನ ಗಿಡ. ಧರೆ ಕುಸಿಯದಂತೆ ಮಣ್ಣನ್ನು ಹಿಡಿಯುವುದರಿಂದ ಇದನ್ನು ಕೆರೆದು ಹಾಕುವುದು ತಪ್ಪು. ಆದರೆ ಕಾಡಿನ ಮಧ್ಯೆ ಇದು ಕಾಣಿಸಿಕೊಂಡರೆ ಅಲ್ಲಿ ಮೇಲಿನ ಛಾವಣಿ ಹರಿದಿದೆ ಎಂದೇ ಅರ್ಥ. ಇನ್ನೂ ಒಳಗೆ, ಹಳ್ಳದ ದಂಡೆಯಲ್ಲಿ, ಆಳೆತ್ತರದ ಗರಿಗಳ ಆಂಜಿಯಾಪ್ಟೆರಿಸ್. ನೀರು ಚಿಮ್ಮುವ ಕಲ್ಲುಗಳ ಮೇಲೆ ಬಾಲ್ಬಿಟಿಸ್. ಮರವನ್ನು ಅಡರುವ ಲೈಗೋಡಿಯಮ್. ಎಲ್ಲಕ್ಕಿಂತ ನಾಜೂಕಾದವು ಪೊರೆ ಜರೀಗಿಡಗಳು. ಇವುಗಳ ಎಲೆ ಒಂದೇ ಕೋಶದಷ್ಟು ದಪ್ಪ. ಹಿಂದಿನ ಅಕ್ಷರ ಕಾಣುವಷ್ಟು ತೆಳು. ಸದಾ ತೊಯ್ದಿರುವ ಬಂಡೆ ಅಥವಾ ಬೊಡ್ಡೆಯನ್ನು ಬಿಟ್ಟು ಇವು ಬದುಕಲಾರವು. ಇವು ಇರುವ ಹಳ್ಳ ಒಳ್ಳೆಯ ಸ್ಥಿತಿಯಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು.

ಮರ ಜರೀಗಿಡದ ಮಾತು ಬೇರೆ. ತೆಂಗಿನ ಸಸಿಯಂತೆ ಬೊಡ್ಡೆ ಎತ್ತಿ, ತುದಿಯಲ್ಲಿ ಕೊಡೆಯಂತೆ ಗರಿ ಬಿಚ್ಚುವ ಸಯಾಥಿಯ ಜಾತಿಗಳು ಕುದುರೆಮುಖ, ಆಗುಂಬೆ, ಕೊಡಗಿನ ತೊರೆಗಳ ಬದಿಯಲ್ಲಿವೆ. ಇವು ಬಹಳ ನಿಧಾನವಾಗಿ ಬೆಳೆಯುತ್ತವೆ. ಬೊಡ್ಡೆಯ ಸುತ್ತ ಹೆಣೆದಿರುವ ನಾರುಬೇರುಗಳ ಮೇಲೆ ಸೀತಾಳೆ ಮುಂತಾದ ಗಿಡಗಳನ್ನು ಕೂರಿಸಲು ಚೆನ್ನಾಗಿರುತ್ತದೆಂದು ಇವನ್ನು ಕಡಿದು ಮಾರುವ ದುರಭ್ಯಾಸ ಹಲವು ಕಡೆ ಇದೆ. ಸಯಾಥಿಯ ಜಾತಿಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ತೆಂಗಿನ ನಾರಿನ ಹಲಗೆಯಿಂದ ಅದೇ ಕೆಲಸ ಆಗುವಾಗ ಮರ ಜರೀಗಿಡಕ್ಕೆ ಕತ್ತಿ ಹಾಕಬೇಕಾದ ಕಾರಣವೇನೂ ಇಲ್ಲ.

ಅಡಿಕೆ ಬೆಳೆಗಾರರ ಪಾಲಿಗೆ ಮುಖ್ಯವಾದದ್ದು ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ ಕೊಟ್ಟಿದ್ದುಂಟು. ಸೊಪ್ಪು, ದರಗು ತರುವುದು ಬೇಸಾಯಕ್ಕೆ ಅಗತ್ಯ. ಅದನ್ನು ಬಿಡಬೇಕೆಂದು ಹೇಳುವುದು ವ್ಯವಹಾರಕ್ಕೆ ಬಾರದ ಮಾತು. ಆದರೆ ಹಳ್ಳದ ಎರಡೂ ಬದಿಯಲ್ಲಿ ಹತ್ತು ಹದಿನೈದು ಮಾರು ಅಗಲದ ಪಟ್ಟಿಯನ್ನು ಸೊಪ್ಪು ಕಡಿಯದೆ, ದರಗು ಗುಡಿಸದೆ ಬಿಡುವುದರಿಂದ ಗೊಬ್ಬರಕ್ಕೆ ಆಗುವ ನಷ್ಟ ಅಲ್ಪ. ಬೀಜಾಣು ಮೊಳೆಯುವುದು ಆ ಪಟ್ಟಿಯಲ್ಲಿ. ತೋಟಕ್ಕೆ ಬೇಸಿಗೆಯಲ್ಲಿ ನೀರು ಇಳಿದು ಬರುವುದೂ ಆ ಪಟ್ಟಿಯಿಂದಲೇ. ಒಂದು ವರ್ಷ ನೆರಳು ತೆಗೆದು, ಮರುವರ್ಷದಿಂದ ಬಿಟ್ಟರೂ ಜರೀಗಿಡ ಬೇಗ ಮರಳುವುದಿಲ್ಲ. ಮೊದಲು ಬಿಸಿಲಿನ ಕಳೆಗಳು ಬಂದು ಕೂರುತ್ತವೆ. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳಲ್ಲಿ ಕತ್ತಿ ಬೀಳದ ಕಡೆ ನೆಲದ ಮೇಲಿನ ಜರೀಗಿಡಗಳನ್ನೂ, ಪಕ್ಕದ ಬಯಲು ಮಾಡಿದ ಭಾಗವನ್ನೂ ಹೋಲಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಕೆ ತೋಟದ ಒಳಗೆ ಕಾದಿಗೆಯ ಬದಿಗಳನ್ನು ವರ್ಷವರ್ಷವೂ ಹಾರೆ, ಗುದ್ದಲಿಯಿಂದ ಹೆರೆದು ಬೋಳು ಮಾಡುವ ರೂಢಿಯಿದೆ. ಕಾದಿಗೆಯ ತಳದ ಹೂಳು ತೆಗೆಯಬೇಕು, ಸರಿ. ಬದಿಯಲ್ಲಿ ಹೆಣೆದುಕೊಂಡಿರುವ ಜರೀಗಿಡದ ಬೇರುಗಳು ಮಣ್ಣು ಜಾರದಂತೆ ಹಿಡಿದಿರುತ್ತವೆ. ಗರಿ ಹೆಚ್ಚಾದರೆ ಕತ್ತಿಯಿಂದ ಸವರಿ ಮುಚ್ಚಿಗೆಗೆ ಹಾಕಿದರೆ ಸಾಕು, ಬುಡ ಕೀಳಬಾರದು. ಕಳೆನಾಶಕವನ್ನಂತೂ ಹಳ್ಳ, ಕಾದಿಗೆಗಳ ಬದಿಗೆ ಹೊಡೆಯಲೇಬಾರದು.

ಮರದ ಮೇಲಿನವು ಬಂದಳಿಕೆಯೇ?

ಮಾವು, ಹಲಸಿನ ಹಳೆಯ ಮರಗಳ ಮೇಲೆ ಡ್ರೈನೇರಿಯಾ ಎಂಬ ಜರೀಗಿಡ ಬೆಳೆಯುತ್ತದೆ. ಇದಕ್ಕೆ ಎರಡು ಬಗೆಯ ಎಲೆ. ಉದ್ದನೆಯ ಹಸಿರು ಗರಿಗಳು ಒಂದು ಬಗೆ. ಬುಡದಲ್ಲಿ ಬುಟ್ಟಿಯಂತೆ ಕೊಂಬೆಯನ್ನು ಅಪ್ಪಿಕೊಂಡ, ಬೇಗ ಒಣಗಿ ಕಂದಾಗುವ ಎಲೆಗಳು ಇನ್ನೊಂದು ಬಗೆ. ಬುಟ್ಟಿಯಲ್ಲಿ ದರಗು ಬಿದ್ದು ಕೊಳೆತು ಗೊಬ್ಬರವಾಗುತ್ತದೆ. ಗಿಡದ ಆಹಾರ ಅದೇ. ಮರದ ರಸವನ್ನು ಅದು ಮುಟ್ಟುವುದಿಲ್ಲ. ಬಂದಳಿಕೆ ಹಾಗಲ್ಲ, ಅದು ಕೊಂಬೆಯೊಳಕ್ಕೆ ಬೇರಿಳಿಸಿ ಹೀರುತ್ತದೆ. ಬಂದಳಿಕೆಯನ್ನು ಕೊಂಬೆ ಸಮೇತ ಕಡಿಯಬೇಕು. ಜರೀಗಿಡವನ್ನು ಹಾಗೆ ಕಡಿಯುವ ಅಗತ್ಯವಿಲ್ಲ. ಒಣಗಿದ ಕೊಂಬೆಯ ಮೇಲೆ ಭಾರವಾಗಿ ಕುಳಿತಿದ್ದರೆ ಮಾತ್ರ ಆ ಕೊಂಬೆಯನ್ನು ಸವರಬಹುದು.

ತಿನ್ನುವುದು ಮತ್ತು ವಿಷವಾದದ್ದು

ಮಳೆಗಾಲದ ಆರಂಭದಲ್ಲಿ ಕೊಡಗಿನವರು ತೊರೆಯ ಬದಿಯ ತೆರ್ಮೆ ತೊಪ್ಪಿನ ಸುರುಳಿ ಚಿಗುರನ್ನು ತಂದು ಪಲ್ಯ ಮಾಡುತ್ತಾರೆ. ಸಸ್ಯ ಶಾಸ್ತ್ರದಲ್ಲಿ ಇದು ಡಿಪ್ಲೇಜಿಯಮ್ ಎಸ್ಕುಲೆಂಟಮ್. ಇದನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಒಂದೊಂದು ಬುಡದಲ್ಲಿ ಎರಡು ಮೂರು ಸುರುಳಿಗಳನ್ನಾದರೂ ಬಿಟ್ಟರೆ ಮುಂದಿನ ಕೊಯ್ಲಿಗೆ ಗಿಡ ಉಳಿಯುತ್ತದೆ.

ಎಲ್ಲ ಸುರುಳಿ ಚಿಗುರೂ ತೆರ್ಮೆಯಲ್ಲ. ಎತ್ತರದ ಹುಲ್ಲುಗಾವಲುಗಳಲ್ಲಿ, ಅದರಲ್ಲಿಯೂ ಬೆಂಕಿ ಬಿದ್ದ ಇಳಿಜಾರಿನಲ್ಲಿ, ಟೆರಿಡಿಯಮ್ ಎಂಬ ಜರೀಗಿಡ ಹಬ್ಬುತ್ತದೆ. ಇದರ ಗರಿ ಮುಕ್ಕೋನಾಕಾರವಾಗಿ ಹಲವು ಬಾರಿ ಸೀಳಿರುತ್ತದೆ. ಬೇರುಕಾಂಡ ನೆಲದಲ್ಲಿ ಆಳವಾಗಿ ಹರಿದಿರುವುದರಿಂದ ಬೆಂಕಿಗೆ ಜಗ್ಗುವುದಿಲ್ಲ. ಪೈಪೋಟಿಯ ಹುಲ್ಲು ಸುಟ್ಟ ಮೇಲೆ ಇನ್ನೂ ಹೆಚ್ಚುತ್ತದೆ. ಇದರಲ್ಲಿ ಟಾಕ್ವಿಲೋಸೈಡ್ ಎಂಬ ವಿಷವಿದೆ. ಮೇವು ಸಾಲದ ಕಾಲದಲ್ಲಿ ದನಗಳು ಇದನ್ನು ವಾರಗಟ್ಟಲೆ ಮೇಯ್ದರೆ ಮೂತ್ರ ರಕ್ತವರ್ಣವಾಗುತ್ತದೆ, ಜ್ವರ ಬರುತ್ತದೆ, ಮೂತ್ರಕೋಶದಲ್ಲಿ ಗಂತಿಗಳು ಏಳುತ್ತವೆ. ಹಿಮಾಲಯದ ತಪ್ಪಲು ಮತ್ತು ನೀಲಗಿರಿಗಳಲ್ಲಿ ದನಗಳ ಇಂತಹ ಕಾಯಿಲೆ ಬಹಳ ಕಾಲದಿಂದ ತಿಳಿದಿದೆ. ವಿಷವು ಹಾಲಿನ ಮೂಲಕವೂ ಹೊರಬರುತ್ತದೆ. ಉಣ್ಣೆಯಿಂದ ಬರುವ ಬೆಬೀಸಿಯ ಜ್ವರದಲ್ಲಿಯೂ ಮೂತ್ರ ಕೆಂಪಾಗುವುದರಿಂದ, ಕಾರಣವನ್ನು ತಾವೇ ಊಹಿಸದೆ ಪಶುವೈದ್ಯರಿಗೆ ತೋರಿಸಬೇಕು; ದನ ಮೇಯ್ದ ಜಾಗದಲ್ಲಿ ಈ ಗಿಡವಿದೆಯೇ ಎಂಬುದನ್ನು ಅವರಿಗೆ ತಿಳಿಸಬೇಕು. ಒಣಗಿದ ಗರಿಯಲ್ಲಿಯೂ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಇದನ್ನು ಕೊಟ್ಟಿಗೆಗೆ ಹಾಸುವುದೂ ಬೇಡ.

ಕೆರೆಯ ನೀರಿನ ಮೇಲೆ ತೇಲುವ ಸಾಲ್ವೀನಿಯ ಕೂಡ ಜರೀಗಿಡದ ಕುಲಕ್ಕೇ ಸೇರಿದ್ದು, ಆದರೆ ಇಲ್ಲಿಯದಲ್ಲ. ದಕ್ಷಿಣ ಅಮೆರಿಕದಿಂದ ಬಂದದ್ದು. ಆಸ್ಟ್ರೇಲಿಯದಿಂದ 1982ರಲ್ಲಿ ತರಿಸಿದ ಮೂತಿಹುಳುವನ್ನು 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟಾಗ ಹನ್ನೊಂದು ತಿಂಗಳಲ್ಲಿ ಈ ಕಳೆ ಹತೋಟಿಗೆ ಬಂತು, ಅಡಗಿದ್ದ ನೈದಿಲೆ ಮತ್ತೆ ಚಿಗುರಿತು.

ಕೀಳಬೇಡಿ, ಬೆಳೆಸಿ

ಕಾಡಿನಿಂದ ಕಿತ್ತು ತಂದ ಜರೀಗಿಡ ಕುಂಡದಲ್ಲಿ ಬಹಳ ಮಟ್ಟಿಗೆ ಸಾಯುತ್ತದೆ. ಬೀಜಾಣುವಿನಿಂದ ಬೆಳೆಸುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೆ. ಬೆನ್ನಿನ ಚುಕ್ಕೆಗಳು ಕಂದಾದ ಒಂದು ಎಲೆಯನ್ನು ಮಾತ್ರ ಕತ್ತರಿಸಿ ಬಿಳಿ ಕಾಗದದಲ್ಲಿ ಮಡಿಸಿ ಎರಡು ದಿನ ಇಟ್ಟರೆ ಪುಡಿ ಉದುರುತ್ತದೆ. ಜರಡಿ ಹಿಡಿದ ಎಲೆಗೊಬ್ಬರ, ಮರಳು, ಇಟ್ಟಿಗೆ ಪುಡಿಗಳನ್ನು ಸಮವಾಗಿ ಬೆರೆಸಿ ಅಗಲ ಬಾಯಿಯ ಮಣ್ಣಿನ ಕುಂಡಕ್ಕೆ ತುಂಬಿ, ಮೇಲೆ ಕುದಿಯುವ ನೀರು ಸುರಿದು ಆರಲು ಬಿಡಬೇಕು. ಇದನ್ನು ಬಿಟ್ಟರೆ ಪಾಚಿಯೂ ಬೂಷ್ಟೂ ಮುಂದಾಗಿ ಬೆಳೆದು ಬೀಜಾಣುವನ್ನು ಕೆಡಿಸುತ್ತವೆ. ಆಮೇಲೆ ಪುಡಿಯನ್ನು ತೆಳುವಾಗಿ ಉದುರಿಸಿ ಗಾಜಿನ ತುಂಡು ಮುಚ್ಚಿ, ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು, ಬಿಸಿಲು ತಾಗದ ಬೆಳಕಿನಲ್ಲಿ ಇರಿಸಬೇಕು. ಮೇಲಿನಿಂದ ನೀರು ಹೊಯ್ಯಬಾರದು. ಒಂದೂವರೆ ತಿಂಗಳ ಒಳಗಾಗಿ ಹಸಿರು ಪೊರೆ ಕಟ್ಟುತ್ತದೆ, ಎರಡು ಮೂರು ತಿಂಗಳಿಗೆ ಬಿಲ್ಲೆಗಳು ತೋರುತ್ತವೆ. ಆಗ ಕಾಯಿಸಿ ಆರಿಸಿದ ನೀರನ್ನು ನವಿರಾಗಿ ಸಿಂಪಡಿಸಬೇಕು. ಗಂಡು ಕಣಗಳು ಈಜುವುದು ಆ ನೀರಿನಲ್ಲಿ. ಎಳೆಗರಿಗಳು ಅಂಗುಲದಷ್ಟಾದ ಮೇಲೆ ಗಾಜನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿ ಹೊರಗಿನ ಗಾಳಿಗೆ ಒಗ್ಗಿಸಬೇಕು.

ತೆರೆದ ಬಾವಿಗೆ ಮಳೆ ನೀರು ತುಂಬಿಸುವ ಕೆಲಸ ಈಗ ಹಲವು ಕಡೆ ನಡೆಯುತ್ತಿದೆ. ಚಾವಣಿ ಅಥವಾ ಹೊಲದ ನೀರನ್ನು ಮೊದಲು ಹೂಳು ಗುಂಡಿಯಲ್ಲಿ ನಿಲ್ಲಿಸಿ ತಿಳಿಯಾದ ಮೇಲೆ ಬಾವಿಗೆ ಬಿಡಬೇಕು. ದುರಸ್ತಿ ಮಾಡುವಾಗ ಒಳಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಸಿಮೆಂಟು ಬಳಿಯುವುದನ್ನು ನಿಲ್ಲಿಸಬೇಕು. ಬಳಿದರೆ ಸುತ್ತಲಿನ ಒಸರು ಬಾವಿಗೆ ಇಳಿಯುವುದಿಲ್ಲ, ಜರೀಗಿಡಕ್ಕೂ ಸಂದು ಸಿಗುವುದಿಲ್ಲ. ಸಡಿಲವಾದ ಕಲ್ಲುಗಳನ್ನು ಮಾತ್ರ ಬಿಗಿಗೊಳಿಸಿ, ಕಟ್ಟಡವನ್ನು ಒತ್ತಿ ಬಿರುಕು ಮಾಡುವ ಅರಳಿ, ಆಲದ ಸಸಿಗಳನ್ನು ಬೇರು ಸಹಿತ ತೆಗೆದು, ಜರೀಗಿಡಗಳನ್ನು ಹಾಗೆಯೇ ಬಿಡಬಹುದು. ನೀರು ನಿಂತ ಬಾವಿಗೆ ಅವನ್ನು ತಂದು ನೆಡಬೇಕಾದ ಕೆಲಸವಿಲ್ಲ. ಎರಡನೆಯ ಅಥವಾ ಮೂರನೆಯ ಮಳೆಗಾಲದ ಹೊತ್ತಿಗೆ ಕಲ್ಲಿನ ಸಂದುಗಳಲ್ಲಿ ಹಸಿರು ಬಿಲ್ಲೆಗಳಿವೆಯೇ ಎಂದು ಬಗ್ಗಿ ನೋಡಿದರಾಯಿತು.